ಐವತ್ತು ಪರ್ಸೆಂಟ್ ಸ್ವದೇಶಿ

ಒಂದು ವಸ್ತು ಎಷ್ಟು ಪರ್ಸೆಂಟ್ ಭಾರತದ್ದಾದರೆ ಅದನ್ನು 'ಭಾರತದ್ದು' ಅನ್ನಬಹುದು? ಕಾಫಿ ಬ್ರೇಕ್‌ನಲ್ಲಿ ಈ ಪ್ರಶ್ನೆ ಹಾಕಿ ನೋಡಿ. ಒಬ್ಬರು ನೂರು ಅಂತಾರೆ, ಇನ್ನೊಬ್ಬರು 'ಇಲ್ಲಿ ಜೋಡಿಸಿದ್ರೆ ಸಾಕು' ಅಂತಾರೆ, ಮತ್ತೊಬ್ಬರು ಕೈಲಿರೋ ಫೋನ್ ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ನೋಡ್ತಾರೆ. ಕೇಂದ್ರ ಸರ್ಕಾರದ ಹತ್ತಿರ ಮಾತ್ರ ಇದಕ್ಕೆ ಖಚಿತವಾದ ಉತ್ತರ ಇದೆ: 50.

ಸರ್ಕಾರ ಪೆನ್ನಿನಿಂದ ಹಿಡಿದು ಮೆಟ್ರೊ ರೈಲಿನವರೆಗೆ ಕೊಳ್ಳುತ್ತೆ. ಅದು ನಮ್ಮ ತೆರಿಗೆ ಹಣ. ಆ ಹಣ ಆದಷ್ಟೂ ದೇಶದೊಳಗಿನ ತಯಾರಕರಿಗೇ ಹೋಗಲಿ ಅನ್ನೋ ಉದ್ದೇಶದಿಂದ 2017ರ ಜೂನ್ 15ರಂದು ಒಂದು ಆದೇಶ ಬಂತು. ಅದರ ಹೆಸರು ಉದ್ದ, 'ಸಾರ್ವಜನಿಕ ಖರೀದಿ (ಮೇಕ್ ಇನ್ ಇಂಡಿಯಾಕ್ಕೆ ಆದ್ಯತೆ) ಆದೇಶ'. ಆಮೇಲೆ ಅದು ಹಲವು ಸಲ ಪರಿಷ್ಕರಣೆ ಆಗಿದೆ. 2020ರಲ್ಲಿ ದೊಡ್ಡ ಬದಲಾವಣೆ ಆಯಿತು, 2024ರ ಜುಲೈನಲ್ಲಿ ಮತ್ತೊಂದು.

ನಮ್ಮ ಕಂಪನಿ ಚಿಕ್ಕದು. ನೀರಿನ ಪಂಪ್‌ಗಳ ಮೇಲೆ ಕಣ್ಣಿಡುವ ಒಂದು ಸಣ್ಣ ಪೆಟ್ಟಿಗೆ ಮಾಡ್ತೀವಿ. ಅದರೊಳಗಿನ ಸಾಫ್ಟ್‌ವೇರ್ ನನ್ನ ಪಾಲಿನ ಕೆಲಸ. ಆದರೆ ಚಿಕ್ಕ ಕಂಪನಿಯಲ್ಲಿ ಎಕ್ಸೆಲ್ ಚೆನ್ನಾಗಿ ಬರುತ್ತೆ ಅಂತ ಗೊತ್ತಾದರೆ ಮುಗೀತು, ಟೆಂಡರ್ ಲೆಕ್ಕವೂ ನಿಮ್ಮ ತಲೆಗೇ. ಹಾಗಾಗಿ ಈ ಆದೇಶವನ್ನು ಸಾಲು ಸಾಲಾಗಿ ಓದಿದೆ. ಓದಿದ ಮೇಲೆ ಅನ್ನಿಸಿದ್ದು, ಇದು ದೇಶಭಕ್ತಿಗಿಂತ ಹೆಚ್ಚಾಗಿ ಅಂಕಗಣಿತದ ವಿಷಯ. ಅದೂ ಸಾಕಷ್ಟು ಸ್ವಾರಸ್ಯದ ಅಂಕಗಣಿತ.

ಸೂತ್ರ ಏನು?

ವಸ್ತುವಿನ ಬೆಲೆಯಿಂದ (ಜಿಎಸ್‌ಟಿಯಂಥ ತೆರಿಗೆ ಬಿಟ್ಟು) ಅದರೊಳಗಿನ ಆಮದು ಭಾಗಗಳ ಬೆಲೆಯನ್ನು, ಕಸ್ಟಮ್ಸ್ ಸುಂಕ ಸಮೇತ, ಕಳೆಯಿರಿ. ಉಳಿದದ್ದು ಒಟ್ಟು ಬೆಲೆಯ ಎಷ್ಟು ಪರ್ಸೆಂಟ್ ಅಂತ ನೋಡಿ. ಅದೇ 'ಲೋಕಲ್ ಕಂಟೆಂಟ್'. ಕೆಲವು ವಸ್ತುಗಳಿಗೆ ಆಯಾ ಸಚಿವಾಲಯದ್ದೇ ಬೇರೆ ಲೆಕ್ಕ ಇದೆ, ಆದರೆ ಮೂಲ ಸೂತ್ರ ಇಷ್ಟೇ.

50 ಪರ್ಸೆಂಟ್ ಅಥವಾ ಜಾಸ್ತಿ ಬಂದರೆ ನೀವು 'ಕ್ಲಾಸ್-1' ಸ್ಥಳೀಯ ಪೂರೈಕೆದಾರರು. 20ರಿಂದ 50ರ ಒಳಗಿದ್ದರೆ 'ಕ್ಲಾಸ್-2'. 20ಕ್ಕಿಂತ ಕಡಿಮೆ ಇದ್ದರೆ ಸ್ಥಳೀಯರೇ ಅಲ್ಲ. ಅಂಥವರಿಗೆ ಜಾಗತಿಕ ಟೆಂಡರ್‌ಗಳಲ್ಲಿ ಮಾತ್ರ ಪ್ರವೇಶ. 200 ಕೋಟಿ ರೂಪಾಯಿವರೆಗಿನ ಖರೀದಿಗೆ ವಿಶೇಷ ಅನುಮತಿ ಇಲ್ಲದೆ ಜಾಗತಿಕ ಟೆಂಡರ್ ಕರೆಯುವಂತಿಲ್ಲ ಅಂತ 2020ರಲ್ಲೇ ನಿಯಮ ಆಗಿದೆ. 5 ಲಕ್ಷಕ್ಕಿಂತ ಕಡಿಮೆ ಖರೀದಿಗೆ ಈ ಆದೇಶ ಅನ್ವಯಿಸಲ್ಲ.

ಈ ಪರ್ಸೆಂಟೇಜನ್ನು ಹೇಳೋರು ಯಾರು? ನಾವೇ. ಕಂಪನಿ ಲೆಟರ್‌ಹೆಡ್‌ನಲ್ಲಿ ಸ್ವಯಂ ಘೋಷಣೆ ಕೊಟ್ಟರೆ ಆಯಿತು. 10 ಕೋಟಿ ದಾಟಿದ ಖರೀದಿಗಾದರೆ ಆಡಿಟರ್ ಅಥವಾ ಅಕೌಂಟೆಂಟ್ ಸರ್ಟಿಫಿಕೇಟ್ ಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ 2 ವರ್ಷದವರೆಗೆ ಟೆಂಡರ್‌ಗಳಿಂದ ಹೊರಗೆ.

ಆದ್ಯತೆ ಅಂದರೆ ಹೆಚ್ಚು ದುಡ್ಡು ಅಲ್ಲ

ಬಹಳ ಜನ ತಿಳಿದಿರೋದು ಹೀಗೆ: ವಿದೇಶಿ ಮಾಲು 100 ರೂಪಾಯಿ, ನಮ್ಮದು 120 ಇದ್ದರೂ ಸರ್ಕಾರ 120 ಕೊಟ್ಟು ನಮ್ಮದನ್ನೇ ತಗೊಳ್ಳುತ್ತೆ. ಇಲ್ಲ, ಹಾಗಿಲ್ಲ.

ಅತಿ ಕಡಿಮೆ ಬೆಲೆ ಕೂಗಿದವರನ್ನು ಟೆಂಡರ್ ಭಾಷೆಯಲ್ಲಿ 'ಎಲ್-1' ಅಂತಾರೆ. ಎಲ್-1 ಕ್ಲಾಸ್-1 ಆಗಿದ್ದರೆ ತಕರಾರೇ ಇಲ್ಲ, ಆರ್ಡರ್ ಅವರಿಗೆ. ಆಗಿಲ್ಲದಿದ್ದರೆ, ಪಾಲು ಮಾಡಬಹುದಾದ ವಸ್ತುವಾದರೆ, ಅರ್ಧ ಆರ್ಡರ್ ಎಲ್-1ಗೆ. ಉಳಿದರ್ಧಕ್ಕೆ, ಆ ಬೆಲೆಗಿಂತ 20 ಪರ್ಸೆಂಟ್ ಒಳಗೆ ಜಾಸ್ತಿ ಕೂಗಿರುವ ಕ್ಲಾಸ್-1 ಕಂಪನಿಯನ್ನು ಕರೆದು ಕೇಳ್ತಾರೆ, 'ಅವರ ಬೆಲೆಗೇ ಕೊಡ್ತೀರಾ?'

ಒಪ್ಪಿದರೆ ಅರ್ಧ ಆರ್ಡರ್ ನಮಗೆ. ಒಪ್ಪದಿದ್ದರೆ ಮುಂದಿನ ಕ್ಲಾಸ್-1 ಕಂಪನಿಗೆ ಅದೇ ಪ್ರಶ್ನೆ. ಪಾಲು ಮಾಡಲಾಗದ ವಸ್ತುವಾದರೆ ಇಡೀ ಆರ್ಡರ್‌ಗೇ ಈ ಅವಕಾಶ. ಅಂದರೆ ಸರ್ಕಾರ ಸ್ವದೇಶಿಗೆ ಹೆಚ್ಚು ದುಡ್ಡು ಕೊಡಲ್ಲ, ಎರಡನೇ ಅವಕಾಶ ಕೊಡುತ್ತೆ. ಬೆಲೆ ಇಳಿಸುವ ಭಾರ ಹೊರಬೇಕಾದವರು ಸ್ವದೇಶಿ ತಯಾರಕರೇ.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿನ 'ಬೈ ಅಮೆರಿಕನ್' ಕಾಯ್ದೆ 1933ರದ್ದು, ಮಹಾ ಆರ್ಥಿಕ ಕುಸಿತದ ಕಾಲದ್ದು. ಅಲ್ಲಿ ವಿದೇಶಿ ಮಾಲಿನ ಬೆಲೆಗೆ ಹೋಲಿಕೆಗಾಗಿ 20 ಪರ್ಸೆಂಟ್ (ಸ್ಪರ್ಧೆಯಲ್ಲಿರೋದು ಚಿಕ್ಕ ಕಂಪನಿಯಾದರೆ 30) ಸೇರಿಸಿ ನೋಡ್ತಾರೆ. ಆಮೇಲೂ ದೇಶಿ ಮಾಲು ಅಗ್ಗ ಅನ್ನಿಸಿದರೆ ಅದರ ಪೂರ್ತಿ ಬೆಲೆಯನ್ನೇ ಕೊಡ್ತಾರೆ. ಉತ್ಪನ್ನದ ಭಾಗಗಳಲ್ಲಿ ಎಷ್ಟು ಅಮೆರಿಕದ್ದಿರಬೇಕು ಅನ್ನೋ ಮಿತಿ ಅಲ್ಲಿ 2024ರಿಂದ 65 ಪರ್ಸೆಂಟ್, 2029ರಿಂದ 75. ಮುಕ್ತ ಮಾರುಕಟ್ಟೆಯ ಪಾಠ ಹೇಳುವ ದೇಶವೂ ತನ್ನ ಖಜಾನೆ ತೆರೆಯುವಾಗ ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಇರುತ್ತೆ.

ಎಸ್.ಪಿ. ರಸ್ತೆಯ ಬಿಲ್ಲು

ಈಗ ನಮ್ಮ ಪೆಟ್ಟಿಗೆಗೆ ಬರೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೀನಿ. ಬೆಲೆ 10,000 ರೂಪಾಯಿ. ಒಳಗಿನ ಆಮದು: ಸಿಮ್ ಹಾಕುವ ಕಮ್ಯುನಿಕೇಶನ್ ಮಾಡ್ಯೂಲ್ 2,600, ಚಿಪ್ ಮತ್ತು ಸೆನ್ಸರ್ 1,900, ಪವರ್ ಸಪ್ಲೈ 800, ಡಿಸ್‌ಪ್ಲೇ 400. ಒಟ್ಟು 5,700. ಅಂದರೆ ಲೋಕಲ್ ಕಂಟೆಂಟ್ 43 ಪರ್ಸೆಂಟ್. ಪೀಣ್ಯದಲ್ಲಿ ಮಾಡಿಸಿದ ಡಬ್ಬ, ಬೆಂಗಳೂರಿನಲ್ಲೇ ಜೋಡಿಸಿದ ಬೋರ್ಡು, ನಾವು ರಾತ್ರಿ ಕೂತು ಬರೆದ ಕೋಡು, ಎಲ್ಲ ಸೇರಿಸಿದರೂ ನಾವು ಕ್ಲಾಸ್-2.

ಪರ್ಚೇಸ್ ನೋಡಿಕೊಳ್ಳುವ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯೋದು. ಶೀಟ್ ನೋಡಿ ನಕ್ಕರು. "ನೋಡಮ್ಮ, ಆ ಮಾಡ್ಯೂಲನ್ನ ನಾವು ಎಲ್ಲಿ ತಗೊಂಡ್ವಿ? ಎಸ್.ಪಿ. ರೋಡ್‌ನಲ್ಲಿ. ಬಿಲ್ ಬೆಂಗಳೂರಿಂದು, ಜಿಎಸ್‌ಟಿ ಬೆಂಗಳೂರಿಂದು. ಮತ್ತೆ ಲೋಕಲ್ ಅಲ್ದೆ ಏನು?"

ಅವರು ತಮಾಷೆಗೆ ಹೇಳಿದ್ದಲ್ಲ. ಆ 2,600 ಅನ್ನು ಆಮದು ಪಟ್ಟಿಯಿಂದ ತೆಗೆದರೆ ನಮ್ಮದು 69 ಪರ್ಸೆಂಟ್ ಆಗ್ತಿತ್ತು. ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ಬದಲಾಗದೆ ನಾವು ಕ್ಲಾಸ್-1! ಇಂಥ ಐಡಿಯಾ ನಮ್ಮ ಅಣ್ಣನಿಗೊಬ್ಬರಿಗೇ ಹೊಳೆದದ್ದಲ್ಲ ಅನ್ನೋದು ನಿಯಮ ನೋಡಿದರೇ ಗೊತ್ತಾಗುತ್ತೆ. ಆಮದು ಮಾಲನ್ನು ಇಲ್ಲಿನ ಡೀಲರ್ ಹತ್ತಿರ ಕೊಂಡರೆ ಅದನ್ನು ಲೋಕಲ್ ಅಂತ ಲೆಕ್ಕ ಹಾಕುವಂತಿಲ್ಲ ಅಂತ 2024ರ ಪರಿಷ್ಕರಣೆಯಲ್ಲಿ ಬಿಡಿಸಿ ಬರೆದಿದ್ದಾರೆ. ಅದಕ್ಕೂ ಮೊದಲು, 2021ರಲ್ಲಿ, ಸಾಗಣೆ, ವಿಮೆ, ಇನ್‌ಸ್ಟಾಲೇಶನ್, ತರಬೇತಿ, ಮಾರಾಟದ ನಂತರದ ಸರ್ವಿಸ್ ಇವನ್ನೆಲ್ಲ ಲೋಕಲ್ ಮೌಲ್ಯ ಅಂತ ತೋರಿಸಬೇಡಿ ಅಂತ ಸ್ಪಷ್ಟನೆ ಕೊಡಬೇಕಾಗಿ ಬಂದಿತ್ತು. ನಿಯಮದ ಪ್ರತಿ ತಿದ್ದುಪಡಿಯ ಹಿಂದೆ ಯಾರದೋ ಒಂದು ಜಾಣತನ ಇರುತ್ತೆ.

ನಾನು ಶೀಟ್ ಬದಲಿಸಲಿಲ್ಲ. ನಮ್ಮ ಬಾಸ್ ಕೂಡ 43 ಅಂತಲೇ ಸಹಿ ಹಾಕಿದರು. ಆ ಟೆಂಡರ್ ನಮಗೆ ಸಿಗಲಿಲ್ಲ. ಸಿಕ್ಕಿದವರ ಪೆಟ್ಟಿಗೆಯೊಳಗೆ ಏನಿತ್ತು ಅಂತ ನೋಡುವ ದಾರಿ ನಮಗಿರಲಿಲ್ಲ. ದೂರು ಕೊಡಬಹುದು, ಶುಲ್ಕವನ್ನೂ ಕಟ್ಟಬಹುದು. ಆದರೆ ಮುಂದಿನ ತಿಂಗಳು ಅದೇ ಇಲಾಖೆಯ ಬಾಗಿಲಿಗೆ ಹೋಗಬೇಕಾದ ಚಿಕ್ಕ ಕಂಪನಿ ದೂರು ಕೊಡುತ್ತಾ?

50 ಅನ್ನೋದು ಜಾರುವ ಗೆರೆ

ಆಮೇಲಿನ ತಿಂಗಳುಗಳಲ್ಲಿ ನಡೆದದ್ದೇ ಈ ಅಂಕಣ ಬರೆಯೋಕೆ ಕಾರಣ. ಆ 7 ಪರ್ಸೆಂಟನ್ನು ನಿಜವಾಗಿ ಸಂಪಾದಿಸೋಣ ಅಂತ ಪೆಟ್ಟಿಗೆಯನ್ನು ಬಿಚ್ಚಿಟ್ಟು ಕೂತೆವು. ಡಿಸ್‌ಪ್ಲೇ ಬೇಕಾ? ಪಂಪ್‌ಹೌಸಿನಲ್ಲಿ ಅದನ್ನು ನೋಡೋರು ಯಾರೂ ಇಲ್ಲ, ಎಲ್ಲರೂ ಫೋನಿನಲ್ಲೇ ನೋಡ್ತಾರೆ. ತೆಗೆದೆವು. ರೆಡಿಮೇಡ್ ಪವರ್ ಸಪ್ಲೈ ಬದಲು ನಾವೇ ಒಂದು ಬೋರ್ಡ್ ಡಿಸೈನ್ ಮಾಡಿದೆವು. ಅದರೊಳಗಿನ ಬಿಡಿಭಾಗಗಳು ಆಮದೇ, ಆದರೆ 800ರ ಜಾಗದಲ್ಲಿ 300. ಆಮದು 4,800ಕ್ಕೆ ಇಳಿಯಿತು. ಲೋಕಲ್ ಕಂಟೆಂಟ್ 52. ಬಾಸ್ ಎಲ್ಲರಿಗೂ ಸ್ವೀಟ್ ತರಿಸಿದರು.

ಆದರೆ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದು ಬೆಲೆಯ ಮೇಲೆ ನಿಂತಿದೆ. ನಮ್ಮ ಬೆಲೆ 10,000, ಎಲ್-1 ಬೆಲೆ 9,000 ಅಂದುಕೊಳ್ಳಿ. 20 ಪರ್ಸೆಂಟ್ ಒಳಗೇ ಇದ್ದೀವಿ, ಹಾಗಾಗಿ ನಮ್ಮನ್ನು ಕರೆದು '9,000ಕ್ಕೆ ಕೊಡ್ತೀರಾ' ಅಂತ ಕೇಳ್ತಾರೆ. ಹೂಂ ಅಂದೆವು ಅಂತಿಟ್ಟುಕೊಳ್ಳಿ. ಈಗ ಲೆಕ್ಕ ಹಾಕಿ: 9,000ದಲ್ಲಿ 4,800 ಆಮದು ಕಳೆದರೆ ಉಳಿಯೋದು 4,200. ಅಂದರೆ 46.7 ಪರ್ಸೆಂಟ್. ಕ್ಲಾಸ್-1 ಅಂತ ಕರೆಸಿಕೊಂಡು ಬೆಲೆ ಇಳಿಸಿದ ಕ್ಷಣವೇ ಲೆಕ್ಕದಲ್ಲಿ ಕ್ಲಾಸ್-2!

ಯಾಕೆ ಹೀಗೆ? ಈ ಸೂತ್ರದಲ್ಲಿ ನಮ್ಮ ಲಾಭವೂ 'ಲೋಕಲ್ ಕಂಟೆಂಟ್'. ಬೆಲೆ ಏರಿಸಿದಷ್ಟೂ ನೀವು ಹೆಚ್ಚು ಸ್ವದೇಶಿ, ಇಳಿಸಿದಷ್ಟೂ ಕಡಿಮೆ ಸ್ವದೇಶಿ. ದುಬಾರಿ ಮಾರುವವನಿಗೆ ಸರ್ಟಿಫಿಕೇಟ್ ಸುಲಭ.

ಅದಕ್ಕೇ ನಾನು ಬಾಸ್‌ಗೆ ಹೇಳಿದೆ, "ಸರ್, ನಾವು ಕೂಗೋ ಬೆಲೆಗಲ್ಲ, ಕೊನೆಗೆ ಒಪ್ಪಬೇಕಾಗಿ ಬರೋ ಬೆಲೆಗೆ 50 ದಾಟಬೇಕು." ಹಾಗಾಗಿ ಮಾಡ್ಯೂಲನ್ನೂ ಬದಲಿಸಿದೆವು. ಇಲ್ಲೇ ತಯಾರಾಗುವ ಒಂದನ್ನು ಹುಡುಕಿದೆವು. ಅದರೊಳಗಿನ ಚಿಪ್ ಹೊರಗಿನದೇ. ತಯಾರಕರಿಂದ ಆಮದು ಪಾಲು ಎಷ್ಟು ಅಂತ ಬರೆಸಿಕೊಂಡೆವು: 2,000. ಒಟ್ಟು ಆಮದು 4,200ಕ್ಕೆ ಬಂತು. ಈಗ 9,000ಕ್ಕೆ ಇಳಿಸಿದರೂ 53 ಪರ್ಸೆಂಟ್ ನಿಲ್ಲುತ್ತೆ. ಹೊಸ ಮಾಡ್ಯೂಲಿಗೆ ಫರ್ಮ್‌ವೇರ್ ಮತ್ತೆ ಬರೆಯೋಕೆ ನನಗೆ ಏಳು ವಾರ ಹಿಡಿಯಿತು. ಮುಂದಿನ ಟೆಂಡರ್‌ನಲ್ಲಿ ಅರ್ಧ ಆರ್ಡರ್ ಬಂತು. ಲಾಭ ತೆಳ್ಳಗಿದೆ. ಆದರೆ ಪೀಣ್ಯದ ಅಸೆಂಬ್ಲಿ ಶೆಡ್ಡಿನಲ್ಲಿ ಇನ್ನೂ ಮೂವರಿಗೆ ಕೆಲಸ ಸಿಕ್ಕಿದೆ. ಪವರ್ ಬೋರ್ಡ್ ಡಿಸೈನ್ ಈಗ ನಮ್ಮದೇ, ಅದನ್ನು ಬೇರೆ ಉತ್ಪನ್ನಕ್ಕೂ ಬಳಸ್ತಿದ್ದೀವಿ.

ಈ ನಿಯಮ ಇಲ್ಲದಿದ್ದರೆ ನಾವು ಆ ಬೋರ್ಡ್ ಮಾಡ್ತಿದ್ದೆವಾ? ಖಂಡಿತ ಇಲ್ಲ. ರೆಡಿಮೇಡ್ ಸಿಗುವಾಗ ಯಾರು ತಲೆ ಕೆಡಿಸಿಕೊಳ್ತಾರೆ?

ಕಾಯೋರು ಯಾರು?

ಇದು ಚಿಕ್ಕ ಪೆಟ್ಟಿಗೆಯ ಕತೆ. ದೊಡ್ಡ ಖರೀದಿಯಲ್ಲಿ ಇದೇ ನಿಯಮದ ಬೆಲೆ ಬೇರೆಯವರು ಕಟ್ಟಬೇಕಾಗುತ್ತೆ.

ಬೆಂಗಳೂರಿನವರಿಗೆ ಹಳದಿ ಮಾರ್ಗದ ವಿಷಯ ಬಿಡಿಸಿ ಹೇಳಬೇಕಿಲ್ಲ. ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 2019ರಲ್ಲಿ 216 ಮೆಟ್ರೊ ಬೋಗಿಗಳ ಗುತ್ತಿಗೆ ಸಿಕ್ಕಿತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ಮಾಡಬೇಕು ಅನ್ನೋದು ಷರತ್ತು. ಆಂಧ್ರದ ಶ್ರೀಸಿಟಿಯಲ್ಲಿ ಕಾರ್ಖಾನೆ ಹಾಕುವ ಮಾತಿತ್ತು, ಅದು ಆಗಲಿಲ್ಲ. ಅಷ್ಟರಲ್ಲಿ ಗಡಿ ಸಂಘರ್ಷ, ಚೀನಾ ಹೂಡಿಕೆಗೆ ನಿರ್ಬಂಧ, ಅಲ್ಲಿನ ಎಂಜಿನಿಯರ್‌ಗಳಿಗೆ ವೀಸಾ ತೊಡಕು. ಕೊನೆಗೆ ಕೋಲ್ಕತ್ತ ಹತ್ತಿರದ ಟಿಟಾಗಢ ಕಾರ್ಖಾನೆಯ ಜೊತೆ ಕೈಜೋಡಿಸಿ ಬೋಗಿ ಮಾಡಿಸಬೇಕಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್ ಹಳಿ ಸಿದ್ಧವಿದ್ದರೂ ಓಡಿಸೋಕೆ ರೈಲಿರಲಿಲ್ಲ. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆ ಆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ತಪ್ಪೆಲ್ಲ ನಿಯಮದ್ದೇ ಅನ್ನೋಕಾಗಲ್ಲ. ಆದರೆ ಷರತ್ತು ಹಾಕಿದವರು, ಅದಕ್ಕೆ ಒಪ್ಪಿ ಸಹಿ ಹಾಕಿದವರು ಇಬ್ಬರೂ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿರಲಿಲ್ಲ.

ಬಿಎಸ್‌ಎನ್‌ಎಲ್ 4ಜಿ ಕತೆಯೂ ಹಾಗೇ. ಜಿಯೊ 4ಜಿ ಶುರುವಾಗಿದ್ದು 2016ರಲ್ಲಿ. ಬಿಎಸ್‌ಎನ್‌ಎಲ್ 2020ರಲ್ಲಿ ಕರೆದ ಟೆಂಡರ್, ದೇಶಿ ಕಂಪನಿಗಳಿಗೆ ಅವಕಾಶವಿಲ್ಲ ಅನ್ನೋ ದೂರು ಬಂದು, ಅದೇ ವರ್ಷ ರದ್ದಾಯಿತು. ಆಮೇಲೆ ದೇಶಿ ತಂತ್ರಜ್ಞಾನವೇ ಬೇಕು ಅಂತ ತೀರ್ಮಾನವಾಗಿ, ಸಿ-ಡಾಟ್‌ನ ಕೋರ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೊ, ಜೋಡಿಸೋಕೆ ಟಿಸಿಎಸ್ ಅಂತಾಯಿತು. ದೇಶಾದ್ಯಂತ ಸುಮಾರು 97,500 ಟವರ್‌ಗಳ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್ 27ಕ್ಕೆ. ಇವತ್ತು ಇಡೀ 4ಜಿ ವ್ಯವಸ್ಥೆಯನ್ನು ಸ್ವಂತವಾಗಿ ಮಾಡಬಲ್ಲ ಬೆರಳೆಣಿಕೆಯ ದೇಶಗಳಲ್ಲಿ ನಮ್ಮದೂ ಒಂದು. ಇದು ಸಣ್ಣ ಸಾಧನೆ ಅಲ್ಲವೇ ಅಲ್ಲ. ಆದರೆ ಈ ವರ್ಷಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಸಿಗ್ನಲ್ಲೇ ಇಲ್ಲದ ಮಲೆನಾಡಿನ ಊರುಗಳ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿ ಕೂತಿದ್ದೂ ನಿಜ.

ಕರ್ನಾಟಕ ಈ ನಾಣ್ಯದ ಎರಡೂ ಮುಖವನ್ನು ಹಿಂದೆಯೇ ನೋಡಿದೆ. ಬೆಂಗಳೂರಿನ ಐಟಿಐ 1948ರಲ್ಲಿ ಶುರುವಾಯಿತು, ಸರ್ಕಾರವೇ ಅದರ ಗಿರಾಕಿ. ದೂರವಾಣಿನಗರ ಅನ್ನೋ ಊರೇ ಅದರಿಂದ ಬೆಳೆಯಿತು, ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಅದೇ ಕಾಲದಲ್ಲಿ ಒಂದು ಲ್ಯಾಂಡ್‌ಲೈನ್‌ಗಾಗಿ ಜನ ವರ್ಷಗಟ್ಟಲೆ ಕಾದರು. ನಿಮ್ಮ ಅಪ್ಪ ಅಮ್ಮನನ್ನೇ ಕೇಳಿ. ಇನ್ನೊಂದು ಕಡೆ, 1984ರಲ್ಲಿ ಹುಟ್ಟಿದ ಸಿ-ಡಾಟ್, ಎ.ಸಿ. ಇಲ್ಲದೆ ನಮ್ಮ ಬಿಸಿಲು ಧೂಳಲ್ಲಿ ಓಡುವ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿತು. ಅದರ ಮೊದಲ ಎಕ್ಸ್‌ಚೇಂಜ್ ಕೂತದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಹೊರದೇಶದ ಯಂತ್ರಗಳು ನಮ್ಮ ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ತಯಾರಾದವಲ್ಲ. ಇದು ಹಳ್ಳಿಗೆಂದೇ ತಯಾರಾಯಿತು.

ವ್ಯತ್ಯಾಸ ಎಲ್ಲಿದೆ? ನನಗೆ ಕಂಡಂತೆ, ಗಿರಾಕಿ ಎಲ್ಲೂ ಹೋಗಲ್ಲ ಅಂತ ಗೊತ್ತಿರುವ ಕಡೆ ಕೆಲಸ ನಿಧಾನ ಆಗುತ್ತೆ. ಬಿಡಿಸಬೇಕಾದ ಸಮಸ್ಯೆ ಸ್ಪಷ್ಟವಾಗಿರುವ ಕಡೆ ಹೊಸದು ಹುಟ್ಟುತ್ತೆ.

ಕೋಡ್ ಬರೆಯೋ ನಮಗೆ ಒಂದು ಪ್ರಶ್ನೆ

ಸೈಬರ್ ಭದ್ರತಾ ಉತ್ಪನ್ನಗಳಿಗೆ 2018ರಲ್ಲೇ ಪ್ರತ್ಯೇಕ ಆದೇಶ ಬಂದಿದೆ. ಅಲ್ಲಿ ಚಿಪ್ಪು, ಬೋರ್ಡು ಎಣಿಸಲ್ಲ. ಬೌದ್ಧಿಕ ಆಸ್ತಿ ಯಾರ ಹೆಸರಲ್ಲಿದೆ, ಅದರಿಂದ ಬರುವ ಆದಾಯ ಯಾವ ದೇಶದ ಕಂಪನಿಗೆ ಸೇರುತ್ತೆ ಅಂತ ನೋಡ್ತಾರೆ. ಇದನ್ನು ಓದಿದಾಗ ನನ್ನ ಇಂಜಿನಿಯರಿಂಗ್ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪ್ ನೆನಪಾಯಿತು. ಅರ್ಧಕ್ಕರ್ಧ ಜನ ಬೆಳ್ಳಂದೂರಿನಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೂತು ಕೋಡ್ ಬರೀತಾರೆ. ಬರೆದವರು ಇಲ್ಲಿನವರು, ಬರೆದ ಊರು ಇದು, ಕುಡಿದ ಕಾಫಿ ಚಿಕ್ಕಮಗಳೂರಿನದು. ಆದರೆ ಕೋಡ್ ಯಾರದ್ದು ಅಂತ ಕೇಳಿದರೆ ಉತ್ತರ ಬೇರೆ ಖಂಡದಲ್ಲಿದೆ. ನಮ್ಮ ಪೆಟ್ಟಿಗೆಯಂತೆ ಅವರ ಕೆಲಸವನ್ನೂ ಈ ಅಳತೆಯಲ್ಲಿ ತೂಗಿದರೆ ಎಷ್ಟು ಪರ್ಸೆಂಟ್ ಬರಬಹುದು?

ಸರ್ಕಾರ ಏನನ್ನು ಅಳೆಯುತ್ತೋ ಕಂಪನಿಗಳು ಅದನ್ನೇ ತಯಾರಿಸುತ್ತವೆ. ಬೆಲೆ ಅಳೆದರೆ ಬಿಲ್ಲಿನ ಆಟ ನಡೆಯುತ್ತೆ. ಡಿಸೈನ್ ಯಾರದ್ದು, ಒಡೆತನ ಯಾರದ್ದು ಅಂತ ಅಳೆದರೆ ಡಿಸೈನ್ ಮಾಡೋರು ಹುಟ್ಟುತ್ತಾರೆ. ಆದೇಶಕ್ಕೆ ನನ್ನ ವಿರೋಧವಿಲ್ಲ. ಅದರಿಂದ ನಮ್ಮ ಶೆಡ್ಡಿನಲ್ಲಿ ಮೂವರಿಗೆ ಸಂಬಳ ಆಗ್ತಿದೆ. ಆದರೆ ಮೂರು ಸಣ್ಣ ಬದಲಾವಣೆ ಬೇಕು ಅನ್ನಿಸುತ್ತೆ. ಒಂದು, ಲೆಕ್ಕದಿಂದ ಲಾಭವನ್ನು ಹೊರಗಿಡಿ. ಎರಡು, ಆರ್ಡರ್ ಗೆದ್ದವರ ಲೋಕಲ್ ಕಂಟೆಂಟ್ ಘೋಷಣೆಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ, ಆಗ ಚಿಕ್ಕ ಕಂಪನಿ ದೂರು ಕೊಟ್ಟು ಕೆಟ್ಟವರಾಗಬೇಕಿಲ್ಲ. ಮೂರು, ದೊಡ್ಡ ಯೋಜನೆಗಳಲ್ಲಿ ಸ್ವದೇಶಿ ಷರತ್ತಿನ ಜೊತೆ 'ತಡವಾದರೆ ಏನು' ಅನ್ನೋ ಉತ್ತರವನ್ನೂ ಗುತ್ತಿಗೆ ಕೊಡುವ ದಿನವೇ ಬರೆದಿಡಿ.

ನಿಮ್ಮಲ್ಲಿ ಯಾರಾದರೂ ಟೆಂಡರ್‌ಗೆ ಈ ಶೀಟ್ ತುಂಬಿದ್ದರೆ, ಅಥವಾ ಮೇಜಿನ ಆ ಕಡೆ ಕೂತು ಪರಿಶೀಲಿಸಿದ್ದರೆ, ಬರೆದು ತಿಳಿಸಿ. ಕಂಪನಿ, ಇಲಾಖೆಯ ಹೆಸರು ಬೇಡ, ಲೆಕ್ಕ ಹೇಗೆ ಹಾಕಿದಿರಿ ಅಂತ ಹೇಳಿದರೆ ಸಾಕು. ಅಂದ ಹಾಗೆ, ನಮ್ಮ ಅಣ್ಣ ಈಗ ಎಸ್.ಪಿ. ರಸ್ತೆಗೆ ಹೋದಾಗ ಅಂಗಡಿಯವರನ್ನು ಮೊದಲು ಕೇಳೋದೇ, "ಇದು ಎಲ್ಲಿ ತಯಾರಾಗಿದ್ದು ಅಂತ ಬರೆದು ಕೊಡ್ತೀರಾ?" ಅಂತ. ಬರೆದುಕೊಡುವ ಅಂಗಡಿ ಇನ್ನೂ ಒಂದೂ ಸಿಕ್ಕಿಲ್ಲವಂತೆ.